ಪ್ಯಾಕಿಂಗ್ ಯಂತ್ರಕ್ಕೆ ನಾನು ಜಾಲ ಆರಿಸಿದ ಬಗೆ

ಪೀಣ್ಯದ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಯಂತ್ರದ ನಿಯಂತ್ರಣ ವ್ಯವಸ್ಥೆಯನ್ನು ರೂಪಿಸುವ ಹೊಣೆ ಬಂದಾಗ, ಯಂತ್ರದ ಭಾಗಗಳು ಪರಸ್ಪರ ಮಾಹಿತಿ ಸಾಗಿಸುವ ಜಾಲಕ್ಕೆ ನಾನು ಮೊದಲು ಆರಿಸಿದ್ದು ಕೈಗೆ ಪಳಗಿದ್ದ ಮಾಡ್‌ಬಸ್ ಆರ್‌ಟಿಯು. 1979ರಿಂದ ಬಳಕೆಯಲ್ಲಿರುವ ಈ ಪದ್ಧತಿ ಆರ್‌ಎಸ್-485 ಎಂಬ ವಿದ್ಯುತ್ ಸಂಕೇತ ಮಾನದಂಡದ ಒಂದು ಜೋಡಿ ತಂತಿಯ ಮೇಲೆ ನಡೆಯುತ್ತದೆ. ಹೀಟರುಗಳ ತಾಪಮಾನ ನಿಯಂತ್ರಕಗಳಿಗೂ ಮೋಟಾರುಗಳನ್ನು ನಿಖರವಾಗಿ ನಡೆಸುವ ಆರು ಸರ್ವೋ ಡ್ರೈವ್‌ಗಳಿಗೂ ಅದೊಂದೇ ಸಾಕೆಂದು ನಂಬಿದ್ದೆ.

ಪ್ಯಾಕಿಂಗ್ ಫಿಲ್ಮ್‌ನ ವೇಗವನ್ನು ನಿಮಿಷಕ್ಕೆ 60 ಮೀಟರಿಗೆ ಏರಿಸಿದೊಡನೆ ಬ್ಲೇಡು ಫಿಲ್ಮ್ ಮೇಲೆ ಅಚ್ಚಾದ ಗುರುತು ತಪ್ಪಿ, ಒಮ್ಮೆ ಮುಂದೆ, ಒಮ್ಮೆ ಹಿಂದೆ ಕತ್ತರಿಸತೊಡಗಿತು. ಮೊದಲೇ ಮಾಡಬೇಕಾಗಿದ್ದ ಲೆಕ್ಕವನ್ನು ಅಂದು ಕುಳಿತು ಮಾಡಿದೆ. ಆ ವೇಗದಲ್ಲಿ ಫಿಲ್ಮ್ ಒಂದು ಮಿಲಿಸೆಕೆಂಡಿಗೆ 1 ಮಿಲಿಮೀಟರ್ ಸರಿಯುತ್ತದೆ. 9600 ಬಾಡ್‌ನಲ್ಲಿ, ಅಂದರೆ ಸೆಕೆಂಡಿಗೆ 9600 ಬಿಟ್ ವೇಗದಲ್ಲಿ, ಒಂದು ಡ್ರೈವ್‌ನ 10 ರಿಜಿಸ್ಟರ್ (ಮಾಹಿತಿ ಇಡುವ ಖಾನೆ) ಓದಲು ಪ್ರಶ್ನೆಯೂ ಉತ್ತರವೂ ಸೇರಿ 33 ಬೈಟ್ ಸಾಗಬೇಕು. ಅದಕ್ಕೇ ಸುಮಾರು 38 ಮಿಲಿಸೆಕೆಂಡ್ ಹಿಡಿಯುತ್ತದೆ. ಬಾಡ್ ದರವನ್ನು 115200ಕ್ಕೆ ಏರಿಸಿದರೂ ಆರು ಡ್ರೈವ್‌ಗಳ ಒಂದು ಸುತ್ತಿಗೆ 19 ಮಿಲಿಸೆಕೆಂಡಿನಷ್ಟು ಬೇಕು, ಡ್ರೈವ್‌ಗಳು ಉತ್ತರಿಸಲು ತೆಗೆದುಕೊಳ್ಳುವ ಸಮಯ ಬೇರೆ. ತಡ ಪ್ರತಿ ಸಲವೂ ಒಂದೇ ಅಳತೆಯದಾಗಿದ್ದರೆ ಪ್ರೋಗ್ರಾಮಿನಲ್ಲಿ ಸರಿದೂಗಿಸಬಹುದಿತ್ತು. ಇಲ್ಲಿ ಅದು ಸುತ್ತಿನಿಂದ ಸುತ್ತಿಗೆ ಬದಲಾಗುತ್ತಿತ್ತು.

ಪ್ರೊಫಿಬಸ್, ಪ್ರೊಫಿನೆಟ್, ಈಥರ್‌ಕ್ಯಾಟ್ ಎಂಬ ಮೂರು ಕೈಗಾರಿಕಾ ಜಾಲಗಳನ್ನೂ ಪರಿಶೀಲಿಸಿ ಕೊನೆಗೆ ಈಥರ್‌ಕ್ಯಾಟ್ ಒಪ್ಪಿಕೊಂಡೆ. ಅದರಲ್ಲಿ ನಿಯಂತ್ರಕವು ಪ್ರತಿ ಡ್ರೈವ್‌ಗೂ ಬೇರೆ ಬೇರೆ ಸಂದೇಶ ಕಳಿಸಿ ಕಾಯುವುದಿಲ್ಲ. ಒಂದೇ ಫ್ರೇಮ್ (ಮಾಹಿತಿಯ ಕಟ್ಟು) ಎಲ್ಲ ಡ್ರೈವ್‌ಗಳ ಮೂಲಕ ಹಾದುಹೋಗುತ್ತಿರುವಾಗಲೇ ಪ್ರತಿಯೊಂದು ಡ್ರೈವ್ ತನ್ನ ಪಾಲಿನ ಮಾಹಿತಿಯನ್ನು ತೆಗೆದುಕೊಂಡು ತನ್ನ ಉತ್ತರವನ್ನು ಅದರಲ್ಲೇ ಇರಿಸುತ್ತದೆ. ಜೊತೆಗೆ ಡ್ರೈವ್‌ಗಳ ಗಡಿಯಾರಗಳು ಒಂದು ಮೈಕ್ರೋಸೆಕೆಂಡಿಗಿಂತ ಕಡಿಮೆ ವ್ಯತ್ಯಾಸದಲ್ಲಿ ಹೊಂದಿಕೊಂಡಿರುವುದರಿಂದ, ಆರೂ ಮೋಟಾರುಗಳು ಹೊಸ ಆಜ್ಞೆಯನ್ನು ಒಂದೇ ಕ್ಷಣದಲ್ಲಿ ಜಾರಿಗೆ ತರುತ್ತವೆ. ಸುತ್ತಿನ ಅವಧಿಯನ್ನು 1 ಮಿಲಿಸೆಕೆಂಡಿಗೆ ನಿಗದಿಪಡಿಸಿದೆ. ಡ್ರೈವ್‌ಗಳನ್ನು ಬದಲಿಸಬೇಕಾದ್ದರಿಂದ ಖರ್ಚು ಹೆಚ್ಚಿತು. ಮಾಲೀಕರನ್ನು ಒಪ್ಪಿಸಿದ್ದು ಆ ಲೆಕ್ಕದ ಹಾಳೆಯೇ.

ಹೀಟರುಗಳನ್ನು ಮಾತ್ರ ಮಾಡ್‌ಬಸ್‌ನಲ್ಲೇ ಉಳಿಸಿಕೊಂಡೆ. ಫಿಲ್ಮನ್ನು ಬಿಸಿಯಿಂದ ಅಂಟಿಸುವ ಸೀಲಿಂಗ್ ಜಾದ (ದವಡೆಯ) ಬಿಸಿ ಏರಿಳಿಯಲು ಹಲವು ಸೆಕೆಂಡುಗಳು ಬೇಕಾಗುವುದರಿಂದ ಅಲ್ಲಿ ಅರ್ಧ ಸೆಕೆಂಡಿನ ತಡ ಲೆಕ್ಕಕ್ಕಿಲ್ಲ. ಆದರೂ ಆ ತಂತಿಯಲ್ಲಿ ಆಗಾಗ ಸಂಪರ್ಕ ಕಡಿಯುತ್ತಿತ್ತು. ಟ್ರೇ ಬಿಚ್ಚಿ ನೋಡಿದರೆ ಅದು ಮೋಟಾರಿನ ಪವರ್ ಕೇಬಲ್ಲಿಗೆ ಅಂಟಿಕೊಂಡೇ ಸಾಗಿತ್ತು, ಮೇಲಾಗಿ ಸಂಕೇತ ತುದಿಯಿಂದ ಹಿಂದಿರುಗದಂತೆ ಎರಡೂ ತುದಿಗಳಲ್ಲಿ ಇರಬೇಕಾದ 120 ಓಮ್‌ನ ರೆಸಿಸ್ಟರ್ ಒಂದೇ ತುದಿಯಲ್ಲಿತ್ತು. ತಂತಿಯನ್ನು ಬೇರೆ ಟ್ರೇಗೆ ಸರಿಸಿ, ಇನ್ನೊಂದು ತುದಿಗೂ ರೆಸಿಸ್ಟರ್ ಹಾಕಿದ ಮೇಲೆ ಆ ದೋಷ ಮತ್ತೆ ಕಾಣಿಸಿಕೊಳ್ಳಲಿಲ್ಲ.