ಮಕ್ಕಳ ಹಳೆಯ ಕ್ಯಾಸೆಟ್ಟಿನ ಮೊದಲ ಅರ್ಧ ನಿಮಿಷ

ಬದಿಯಡ್ಕದ ಪೇಟೆಯಲ್ಲಿ ಹದಿನಾರು ವರ್ಷ ನನ್ನ ವೀಡಿಯೊ ಲೈಬ್ರರಿ ಇತ್ತು. ಗಲ್ಫಿನಿಂದ ರಜೆಗೆ ಬರುವವರ ಪೆಟ್ಟಿಗೆಯಲ್ಲಿ ಸಾಬೂನು, ಸೆಂಟುಗಳ ನಡುವೆ ಡಿಸ್ನಿಯ ಒಂದಾದರೂ ಕ್ಯಾಸೆಟ್ ಇರುತ್ತಿತ್ತು. ಮಕ್ಕಳಿಗೆ ಸಾಕೆನಿಸಿದ ಮೇಲೆ ಅದು ನನ್ನ ಕಪಾಟು ಸೇರುತ್ತಿತ್ತು. ಆ ಮಕ್ಕಳೇ ಈಗ ಬಂದು "ಇದನ್ನು ಪೆನ್‌ಡ್ರೈವಿಗೆ ಹಾಕಿಕೊಡಿ ಮಾವ" ಎನ್ನುತ್ತಾರೆ. ಸಿನಿಮಾ ಮೊಬೈಲಿನಲ್ಲೇ ಸಿಗುತ್ತದೆ. ಅವರಿಗೆ ಬೇಕಾದದ್ದು ಸಿನಿಮಾಕ್ಕೆ ಮೊದಲು ಬರುತ್ತಿದ್ದ ಲೋಗೋ. ಒಬ್ಬಳಂತೂ ಅದು ಬಂದಾಗಲೆಲ್ಲ ಬಾಗಿಲ ಹಿಂದೆ ಅಡಗುತ್ತಿದ್ದಳಂತೆ.

ಸಿಕ್ಕಿದ ಕ್ಯಾಸೆಟ್ಟನ್ನು ಕೂಡಲೇ ವಿಸಿಆರ್‌ಗೆ ತುರುಕಬೇಡಿ. ಕಿಟಕಿಯ ಮೂಲಕ ಸುರುಳಿಯನ್ನು ನೋಡಿ. ಅಕ್ಕಿಹಿಟ್ಟು ಉದುರಿಸಿದಂತೆ ಬಿಳಿ ಕಂಡರೆ ಅದು ಬೂಷ್ಟು. ನಮ್ಮ ಮಳೆಗಾಲದ ಕೊಡುಗೆ. ಹಾಗೇ ಓಡಿಸಿದರೆ ಅದು ಟೇಪನ್ನು ಓದುವ ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಅಡಕೆಯ ಜೊತೆ ಅಂಗಳದಲ್ಲಿ ಒಣಗಿಸಲು ಇಟ್ಟವರನ್ನೂ ಕಂಡಿದ್ದೇನೆ. ಬಿಸಿಲಿಗೆ ಪ್ಲಾಸ್ಟಿಕ್ ಬಾಗುತ್ತದೆ, ಟೇಪು ಸುಕ್ಕಾಗುತ್ತದೆ. ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಕೆಲವು ದಿನ ಮುಚ್ಚಿಡಿ. ಆಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಅಡಿಯ ಐದು ಸ್ಕ್ರೂ ಬಿಚ್ಚಿ, ನೂಲು ಬಿಡದ ಬಟ್ಟೆಯಿಂದ ಒರೆಸಿ.

ಬೆನ್ನಿನ ಅಂಚಿನಲ್ಲಿರುವ ಪುಟ್ಟ ಪ್ಲಾಸ್ಟಿಕ್ ತುಂಡು ಇನ್ನೂ ಉಳಿದಿದ್ದರೆ ಮುರಿದುಬಿಡಿ. ಅದಿದ್ದರೆ ಕ್ಯಾಸೆಟ್ಟಿನ ಮೇಲೆ ರೆಕಾರ್ಡ್ ಆಗುತ್ತದೆ. ಒಮ್ಮೆ ನಾನು ಪ್ಲೇ ಎಂದುಕೊಂಡು ತಪ್ಪು ಗುಂಡಿ ಒತ್ತಿ, ಒಬ್ಬರ ಕ್ಯಾಸೆಟ್ಟಿನ ಮೊದಲ ಇಪ್ಪತ್ತು ಸೆಕೆಂಡು ಅಳಿಸಿದೆ. ಹೋದದ್ದು ಲೋಗೋ ಒಂದೇ.

ಟೇಪನ್ನು ಒಮ್ಮೆ ಕೊನೆಯವರೆಗೆ ಓಡಿಸಿ ರಿವೈಂಡ್ ಮಾಡಿ. ಸುರುಳಿಯ ಬಿಗಿತ ಸಮವಾಗುತ್ತದೆ. ಕಂಪ್ಯೂಟರಿನಲ್ಲಿ ರೆಕಾರ್ಡಿಂಗ್ ಮೊದಲು ಶುರುವಾಗಲಿ, ಪ್ಲೇ ಆಮೇಲೆ. ಟ್ರ್ಯಾಕಿಂಗ್, ಅಂದರೆ ಟೇಪಿಗೂ ಹೆಡ್ಡಿಗೂ ಹೊಂದಿಕೆ, ಸರಿಹೋಗಲು ವಿಸಿಆರ್‌ಗೆ ಕೆಲವು ಸೆಕೆಂಡು ಬೇಕು, ಲೋಗೋ ಇರುವುದೂ ಅಲ್ಲಿಯೇ. ಟ್ರ್ಯಾಕಿಂಗ್ ಗುಂಡಿಯನ್ನು ಕೈಯಿಂದ ತಿರುಗಿಸುತ್ತಾ ನಾಲ್ಕೈದು ಸಲ ಹಿಡಿದು, ಚೆನ್ನಾಗಿ ಬಂದದ್ದನ್ನು ಇಟ್ಟುಕೊಳ್ಳಿ. ಗಲ್ಫಿನಿಂದ ಇಲ್ಲಿಗೆ ಬಂದ ಬಹುತೇಕ ಕ್ಯಾಸೆಟ್ಟುಗಳು ಪಾಲ್ ಎಂಬ ಟಿವಿ ಪದ್ಧತಿಯವು: ಸೆಕೆಂಡಿಗೆ 25 ಚಿತ್ರ, ಒಂದೊಂದರಲ್ಲೂ ಎರಡು ಅರ್ಧ. 720x576 ಅಳತೆಯಲ್ಲಿ ಇದ್ದಂತೆಯೇ ಹಿಡಿದು, ಬಳಿಕ 50 ಚಿತ್ರಗಳಾಗಿ ಬಿಡಿಸಿ. ಇಲ್ಲವಾದರೆ ಲೋಗೋದ ಓಡುವ ಬೆಳಕು ಬಾಚಣಿಗೆಯ ಹಲ್ಲುಗಳಂತೆ ಕಾಣುತ್ತದೆ.

ಈಗ ಕಾಲ ಹೇಳುವ ಕೆಲಸ, ನನಗೆ ಇಷ್ಟವಾದದ್ದು. ಕಪ್ಪಿನ ಮೇಲೆ ಬಣ್ಣದ ನಿಯಾನ್ ಗೆರೆಗಳಲ್ಲಿ ಮಿಕ್ಕಿಯ ತಲೆ ಮೂಡಿದರೆ ಅದು 1980ರ ದಶಕದ ಮೊದಲ ಭಾಗದ ಲೋಗೋ. ಮಾಂತ್ರಿಕನ ಟೋಪಿ ಹಾಕಿದ ಮಿಕ್ಕಿ, ಅಂದರೆ 1940ರ ಫ್ಯಾಂಟೇಸಿಯಾದಲ್ಲಿ ಕಂಡವನು, ನಿಂತಿದ್ದರೆ 1986ರ ಸುಮಾರಿನಿಂದ ಈಚಿನದು. ನೀಲಿಯ ಮೇಲೆ ಬಿಳಿಯ ಚಪ್ಪಟೆ ಕೋಟೆ, ಅದರ ಮೇಲೆ ಕಮಾನು: ಇದು 1985ರಲ್ಲಿ ಸಿನಿಮಾಗಳಿಗೆಂದು ಬಂದದ್ದು. ನದಿ, ರೈಲು, ಬಾಣಬಿರುಸುಗಳ ಕೋಟೆ 2006ರದು. ನನ್ನನ್ನು ಕೇಳಿದರೆ ಚಪ್ಪಟೆ ಕೋಟೆಯೇ ಚೆಂದ. ಹೊಸದು ಟಿಕೆಟ್ ಕೊಳ್ಳಿ ಎನ್ನುವಂತಿದೆ. ಅಕ್ಷರವನ್ನು ತುಳಿಯುವ, ಪಿಕ್ಸಾರ್ ಸ್ಟುಡಿಯೋದ ದೀಪ 1995ರ ಟಾಯ್ ಸ್ಟೋರಿಯಿಂದ ಶುರು. ಆದರೆ ಹಳೆಯ ಲೋಗೋವನ್ನೇ ಇಟ್ಟುಕೊಂಡು ಮರುಮುದ್ರಿಸಿದ ಕ್ಯಾಸೆಟ್ಟುಗಳೂ ಉಂಟು. ಅದಕ್ಕೇ ಮೊದಲಿಗೆ ಬರುವ ಮುಂದಿನ ಚಿತ್ರಗಳ ಜಾಹೀರಾತನ್ನೂ ನೋಡಿ.

ಲೋಗೋ ಮಸುಕಾಗುತ್ತಾ ಮತ್ತೆ ಬೆಳಗುತ್ತಾ ಇದ್ದರೆ, ನಕಲು ತಡೆಯುವ ಮ್ಯಾಕ್ರೋವಿಷನ್ ಇದ್ದ ಕ್ಯಾಸೆಟ್ಟಿನಿಂದ ಇಳಿಸಿದ ಪ್ರತಿ ಅದಾಗಿರಬಹುದು. ನನ್ನ ಕಪಾಟಿನಲ್ಲಿ ಅಂಥವು ಎಷ್ಟಿದ್ದವು ಎಂದು ಮಾತ್ರ ಕೇಳಬೇಡಿ.

ಕ್ಯಾಸೆಟ್ಟಿನ ಬದಲು ವಿಸಿಡಿ ಡಿಸ್ಕು ಸಿಕ್ಕಿದರೆ ಹೆಚ್ಚು ಮಾಡುವುದಕ್ಕಿಲ್ಲ. 352x288 ಅಳತೆಯಲ್ಲಿ ಕೋಟೆ ಲೋಗೋದ ನೀಲಿ ಚೌಕ ಚೌಕವಾಗಿ ಒಡೆದೇ ಇರುತ್ತದೆ. ಡಿವಿಡಿಯಾದರೆ ಪೂರ್ತಿ ಡಿಸ್ಕಿನ ಪ್ರತಿ ತೆಗೆಯಿರಿ. ಲೋಗೋ ಎಷ್ಟೋ ಸಲ ಬೇರೆ ಭಾಗದಲ್ಲಿರುವುದರಿಂದ ಸಿನಿಮಾವನ್ನಷ್ಟೇ ಎತ್ತಿದರೆ ಅದು ತಪ್ಪಿಹೋಗುತ್ತದೆ. ಡಿವಿಡಿಗಳನ್ನು ಮಾರುವ ದೇಶದ ಪ್ರಕಾರ ವಲಯಗಳಾಗಿ ಹಂಚಿದ್ದಾರೆ: ಗಲ್ಫಿನ ಡಿಸ್ಕು ವಲಯ 2, ನಮ್ಮದು 5. ಕಂಪ್ಯೂಟರಿನ ಡ್ರೈವ್ ಐದು ಸಲ ಮಾತ್ರ ವಲಯ ಬದಲಿಸಲು ಬಿಡುತ್ತದೆ.

ಕೆಲಸ ಮುಗಿದ ಮೇಲೆ ಕ್ಯಾಸೆಟ್ಟನ್ನು ರಿವೈಂಡ್ ಮಾಡಿ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿಡಿ. ರಿವೈಂಡ್ ಮಾಡದೆ ತಂದವರಿಗೆ ನಾನು ಆಗ ಎರಡು ರೂಪಾಯಿ ದಂಡ ಹಾಕುತ್ತಿದ್ದೆ.