ಟಿಕ್ ಆಮೇಲೆ, ಮೊದಲು ಕಪ್ ತೋರಿಸು

ನಮ್ಮ ಮನೆ ಹೊಸೂರಿನಲ್ಲಿ. ಎರಡೇ ವಿಮಾನ ಇರುವ ಒಂದು ಚಿಕ್ಕ ಕಂಪನಿಯಲ್ಲಿ ಸುರಕ್ಷತೆಯ ಕೆಲಸ ನನ್ನದು. ಸ್ಟೋರಿನ ಲೆಕ್ಕ, ತರಬೇತಿಯ ಫೈಲು ಕೂಡ ನಾನೇ ನೋಡಬೇಕು. ಒಬ್ಬೊಬ್ಬರು ಮೂರು ಕೆಲಸ ಮಾಡುವ ಕಡೆ ಆಡಿಟ್ ಚೆಕ್‌ಲಿಸ್ಟ್ ಬೇಕೇ ಬೇಕು. ಮೊದಲ ಸಲ ಪಟ್ಟಿ ಹಿಡಿದು ಹ್ಯಾಂಗರ್ ಸುತ್ತಿದಾಗ ಒಂದು ಟಾರ್ಕ್ ರೆಂಚ್ (ಬೋಲ್ಟನ್ನು ಇಷ್ಟೇ ಬಿಗಿ ಅಂತ ಅಳೆದು ತಿರುಗಿಸುವ ಸಾಧನ) ಸಿಕ್ಕಿತು. ಅದರ ಕ್ಯಾಲಿಬ್ರೇಶನ್, ಅಂದರೆ ಅಳತೆ ಸರಿ ಇದೆಯೇ ಅಂತ ಪರೀಕ್ಷಿಸಿದ್ದರ, ಅವಧಿ ಮುಗಿದು ಎರಡು ತಿಂಗಳಾಗಿತ್ತು. ತಾರೀಕಿನ ಚೀಟಿ ರೆಂಚಿನ ಮೇಲೇ ಅಂಟಿತ್ತು. ದಿನಾ ಕೈಗೆ ಬರುವ ವಸ್ತು, ಯಾರೂ ಓದಿರಲಿಲ್ಲ.

ಎರಡನೇ ವರ್ಷ ಎಲ್ಲಾ ಸಾಲಿಗೂ ಟಿಕ್ ಬಿತ್ತು. ಮಾಲೀಕರಿಗೆ ಖುಷಿ. ನನಗೆ ಮಾತ್ರ ಸಮಾಧಾನ ಆಗಲಿಲ್ಲ. ‘ಇಂಧನದಲ್ಲಿ ನೀರಿದೆಯೇ ಎಂದು ದಿನಾ ನೋಡುತ್ತಾರೆಯೇ?’ ಅನ್ನೋದು ಒಂದು ಸಾಲು. ರಿಜಿಸ್ಟರ್‌ನಲ್ಲಿ ದಿನಾ ಸಹಿ ಇದೆ, ಸರಿ. ಆದರೆ ನೋಡುವುದನ್ನು ನಾನು ನೋಡಿದ್ದೇನಾ?

ಮಳೆಗಾಲದ ಒಂದು ಬೆಳಿಗ್ಗೆ ಆರಕ್ಕೇ ಹೋಗಿ ನಿಂತೆ. ಹುಡುಗ ರೆಕ್ಕೆಯ ಕೆಳಗಿನ ಡ್ರೈನ್ ಒತ್ತಿ ಕಪ್ ತುಂಬಿಸಿದ, ಚೆಲ್ಲಿದ, ಸಹಿಗೆ ಹೊರಟ.

“ತಮ್ಮಾ, ಕಪ್‌ನಲ್ಲಿ ಏನಿತ್ತು?”

“ಏನಿಲ್ಲ ಸರ್, ನೀರಿನ ಹಾಗೆ ಕ್ಲೀನಾಗಿತ್ತು.”

ಎದೆ ಝಲ್ಲೆಂದಿತು. ನಾವು ಹಾಕುವ ವಿಮಾನದ ಪೆಟ್ರೋಲು, ಆವ್‌ಗ್ಯಾಸ್, ತಿಳಿನೀಲಿ. ನೀರು ಭಾರ, ತಳಕ್ಕಿಳಿಯುತ್ತದೆ. ಸ್ವಲ್ಪ ನೀರಿದ್ದರೆ ಎರಡರ ನಡುವೆ ಗೆರೆ ಕಾಣುತ್ತದೆ. ಕಪ್ ಪೂರ್ತಿ ನೀರೇ ಆದರೆ ಗೆರೆಯೇ ಇರಲ್ಲ, ಕ್ಲೀನಾಗೇ ಕಾಣುತ್ತದೆ ಅಲ್ವಾ? ಮತ್ತೆ ತೆಗೆಸಿದೆ. ಈ ಸಲ ನೀಲಿ ಬಂತು, ತಳದಲ್ಲಿ ಜೋಳದ ಕಾಳಿನಷ್ಟು ನೀರು ಉರುಳಾಡುತ್ತಿತ್ತು. ಬರೀ ನೀಲಿ ಬರುವ ತನಕ ತೆಗೆಸಿದೆವು. ಆ ಹುಡುಗನದು ಮನೆಮಾತು ತೆಲುಗು, ನಮ್ಮ ಸೂಚನೆ ಇಂಗ್ಲಿಷ್‌ನಲ್ಲಿ. ಬಣ್ಣ ನೋಡಬೇಕು ಅಂತ ಯಾರೂ ಅವನಿಗೆ ಹೇಳಿರಲೇ ಇಲ್ಲ. ತಪ್ಪು ಅವನದಲ್ಲ, ನಮ್ಮದು.

ಇದು ಚಿಕ್ಕ ಕಂಪನಿಗಳ ಪಾಡು ಮಾತ್ರ ಅಲ್ಲ. 2014ರ ಮೇ 31ರಂದು ಅಮೆರಿಕದ ಬೆಡ್‌ಫರ್ಡ್‌ನಲ್ಲಿ ಒಂದು ಗಲ್ಫ್‌ಸ್ಟ್ರೀಮ್ ಜೆಟ್ ಗಸ್ಟ್ ಲಾಕ್ (ನಿಂತಿರುವಾಗ ಗಾಳಿಗೆ ಕಂಟ್ರೋಲ್‌ಗಳು ಆಡದಂತೆ ಹಿಡಿಯುವ ಬೀಗ) ತೆಗೆಯದೇ ಓಡಿ, ಮೇಲೇಳದೆ ರನ್‌ವೇ ದಾಟಿ ಉರಿಯಿತು. ಏಳೂ ಜನ ಹೋದರು. ಹಿಂದಿನ 175 ಟೇಕಾಫ್‌ಗಳಲ್ಲಿ ಕಂಟ್ರೋಲ್‌ಗಳನ್ನು ಪೂರ್ತಿ ಆಡಿಸಿ ನೋಡಿದ್ದು ಎರಡೇ ಸಲ ಅಂತ ತನಿಖೆಯಲ್ಲಿ ಗೊತ್ತಾಯಿತು. ಆ ವಿಮಾನ ನಡೆಸುತ್ತಿದ್ದವರು ಅಂತರರಾಷ್ಟ್ರೀಯ ಆಡಿಟ್ ಪಾಸಾದವರು. ಪೈಲಟ್‌ಗಳು ಚೆಕ್‌ಲಿಸ್ಟನ್ನು ನಿಜವಾಗಿ ಹೇಗೆ ಬಳಸುತ್ತಾರೆ ಅನ್ನೋದನ್ನೂ ಆಡಿಟ್‌ನಲ್ಲಿ ನೋಡಿ ಅಂತ ಅಮೆರಿಕದ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ ಆಮೇಲೆ ಹೇಳಿತು.

ನಾನು ಪಟ್ಟಿ ಬಿಡಲಿಲ್ಲ, ಪ್ರಶ್ನೆ ತಿದ್ದಿದೆ. ‘ಇದೆಯೇ’ ಅಂತ ಇದ್ದಲ್ಲೆಲ್ಲ ‘ಮಾಡಿ ತೋರಿಸಿ’ ಅಂತ ಬರೆದೆ. ವರ್ಷಕ್ಕೊಮ್ಮೆ ಎಲ್ಲವನ್ನೂ ಮುಗಿಸುವ ಬದಲು ತಿಂಗಳಿಗೆ ಹತ್ತು ಸಾಲು. ಹುಡುಗರಿಗೆ ಕನ್ನಡ, ತಮಿಳು, ತೆಲುಗು, ಯಾವುದು ಬರುತ್ತದೋ ಅದರಲ್ಲೇ ಕೇಳುತ್ತೇನೆ. “ಟೈಮ್ ಜಾಸ್ತಿ ಹಿಡಿಯುತ್ತಲ್ಲಾ” ಅಂದರು ಮಾಲೀಕರು. ಒಂದು ಬೆಳಿಗ್ಗೆ ಅವರನ್ನೂ ರೆಕ್ಕೆಯ ಪಕ್ಕ ನಿಲ್ಲಿಸಿಕೊಂಡೆ. ಹುಡುಗ ಕಪ್ಪನ್ನು ಬಿಳಿ ಗೋಡೆಗೆ ಎದುರಾಗಿ ಹಿಡಿದು, ಬಗ್ಗಿ ನೋಡಿ, “ನೀಲಿ ಸರ್, ಗೆರೆ ಇಲ್ಲ” ಅಂದ. ಸಹಿ ಆಮೇಲೆ ಹಾಕಿದ.