175 ಕ್ರೆಡಿಟ್ಟಿಗೆ ಎಷ್ಟು ಇಸಿಟಿಎಸ್? ನಾನು ಲೆಕ್ಕ ಹಾಕಿದ್ದು ಹೀಗೆ

ಜರ್ಮನಿಯ ಅನೇಕ ಮಾಸ್ಟರ್ಸ್ ಕೋರ್ಸುಗಳು ಗಣಿತದಲ್ಲಿ ಇಷ್ಟು, ಮುಖ್ಯ ವಿಷಯದಲ್ಲಿ ಇಷ್ಟು ಇಸಿಟಿಎಸ್ (ಓದಿನ ಹೊರೆ ಅಳೆಯುವ ಯುರೋಪಿನ ಕ್ರೆಡಿಟ್) ಆಗಿರಲೇಬೇಕು ಎನ್ನುತ್ತವೆ. ಹುಬ್ಬಳ್ಳಿಯ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜಿನಲ್ಲಿ ಬಿಇ ಮುಗಿಸಿದವರ ಕೈಯಲ್ಲಿರುವುದು ವಿಟಿಯು ಕ್ರೆಡಿಟ್.

ಯುರೋಪಿನಲ್ಲಿ ಒಂದು ವರ್ಷದ ಪೂರ್ಣಾವಧಿ ಓದಿಗೆ 60 ಇಸಿಟಿಎಸ್. ನಾಲ್ಕು ವರ್ಷಕ್ಕೆ 240. ನನ್ನದು ವಿಟಿಯುವಿನ 2018ರ ಸ್ಕೀಮ್ (ಪಠ್ಯಕ್ರಮ), ಒಟ್ಟು 175 ಕ್ರೆಡಿಟ್. 240 ಭಾಗಿಸು 175, ಅಂದರೆ 1.371. ಪ್ರತಿ ವಿಷಯಕ್ಕೂ ಇದೇ ಗುಣಕ: 4 ಕ್ರೆಡಿಟ್ಟಿನ ಗಣಿತಕ್ಕೆ 5.48, 2 ಕ್ರೆಡಿಟ್ಟಿನ ಲ್ಯಾಬಿಗೆ 2.74, 8 ಕ್ರೆಡಿಟ್ಟಿನ ಪ್ರಾಜೆಕ್ಟಿಗೆ 10.97. ಸೀನಿಯರ್‌ಗಳು ಹೇಳುವ ‘ಒಂದೂವರೆಯಿಂದ ಗುಣಿಸು’ 160 ಕ್ರೆಡಿಟ್ಟಿನ ಸ್ಕೀಮಿಗಷ್ಟೇ ಸರಿ. 175ಕ್ಕೆ ಹಾಕಿದರೆ 262.5 ಬರುತ್ತದೆ, ನೋಡುವವರಿಗೆ ತಪ್ಪು ಅಲ್ಲೇ ಸಿಗುತ್ತದೆ.

ಗುಣಕ ನಂಬುವಂಥದ್ದೇ ಎಂದು ತಾಸಿನ ಲೆಕ್ಕದಿಂದ ತಾಳೆ ನೋಡಿದೆ. ಇಸಿಟಿಎಸ್ ಅಳೆಯುವುದು ಪಾಠದ ತಾಸನ್ನಷ್ಟೇ ಅಲ್ಲ, ಮನೆಯ ಓದು, ಅಸೈನ್‌ಮೆಂಟ್, ಪರೀಕ್ಷೆಯ ತಯಾರಿ ಎಲ್ಲವನ್ನೂ. ಆ 4 ಕ್ರೆಡಿಟ್ಟಿನ ಗಣಿತಕ್ಕೆ ವಾರಕ್ಕೆ 4 ತಾಸಿನಂತೆ 14 ವಾರದ ಪಾಠ 56, ಮನೆಯ ಓದು ಅಷ್ಟೇ, ಅಸೈನ್‌ಮೆಂಟಿಗೆ 15, ಪರೀಕ್ಷೆಗೆ 23, ಕೂಡಿದರೆ 150. ಒಂದು ಇಸಿಟಿಎಸ್ ಎಂದರೆ 25ರಿಂದ 30 ತಾಸು. ಜರ್ಮನಿಯಲ್ಲಿ ಸಾಮಾನ್ಯವಾಗಿ 30 ಹಿಡಿಯುತ್ತಾರೆ, ಆಗ 5; ಇಟಲಿ, ಆಸ್ಟ್ರಿಯಾದಲ್ಲಿ 25, ಆಗ 6. ನಮ್ಮ 5.48 ಎರಡರ ನಡುವೆ ಕೂರುತ್ತದೆ. ಪಾಠದ 56 ತಾಸನ್ನೇ 30ರಿಂದ ಭಾಗಿಸಿ ‘ಎರಡೂ ಆಗಲಿಲ್ಲ’ ಎಂದು ಗಾಬರಿಯಾಗುವವರು ಬಹಳ.

ಸಾಲುಸಾಲಿಗೂ ದಶಾಂಶವನ್ನು ಮೇಲಕ್ಕೇರಿಸಿದರೆ ಮೊತ್ತ 240 ದಾಟುತ್ತದೆ. ಎರಡು ದಶಾಂಶ ಹಾಗೇ ಬಿಟ್ಟೆ. ಬ್ಯಾಕ್‌ಲಾಗ್ ಕಟ್ಟಿ ಪಾಸಾದ ವಿಷಯಕ್ಕೆ ಒಂದೇ ಸಲ ಕ್ರೆಡಿಟ್. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವರು 180ನ್ನು ತಮ್ಮ ಮೂರು ವರ್ಷದ ಕ್ರೆಡಿಟ್ಟಿನಿಂದ ಭಾಗಿಸಬೇಕು.

ಧಾರವಾಡದ ಹಳೆಯ ಬಿಎಸ್ಸಿ ಅಂಕಪಟ್ಟಿಯಲ್ಲಿ ಕ್ರೆಡಿಟ್ಟೇ ಇರದಿದ್ದರೆ ಸೆಮಿಸ್ಟರಿನ 30 ಇಸಿಟಿಎಸ್ಸನ್ನು ವಾರದ ತಾಸಿನ ಪ್ರಕಾರ ಹಂಚಬಹುದು. 24 ತಾಸಿನಲ್ಲಿ 6 ತಾಸು ಭೌತಶಾಸ್ತ್ರವಿದ್ದರೆ ಅದರ ಪಾಲು 7.5. ಅಂಕ ಕಡಿಮೆ ಬಿದ್ದಿದ್ದರೂ ಈ ಪಾಲು ಕುಗ್ಗದು; ಗ್ರೇಡಿನ ಲೆಕ್ಕವೇ ಬೇರೆ.

ಕೊನೆಯ ಮಾತು ಅಲ್ಲಿಯ ವಿಶ್ವವಿದ್ಯಾಲಯದ್ದೇ. ಅದಕ್ಕೇ ಅವರಿಗೆ ಕಳಿಸುವ ವಿಷಯಗಳ ಪಟ್ಟಿಯಲ್ಲಿ ಮೂಲ ಕ್ರೆಡಿಟ್, ಗುಣಕ, ಬಂದ ಅಂಕಿ ಮೂರಕ್ಕೂ ಬೇರೆ ಕಾಲಂ ಇಟ್ಟು, ವಾರದ ತಾಸು ಕಾಣುವ ಸಿಲಬಸ್ ಪುಟಗಳನ್ನು ಅದೇ ಕ್ರಮದಲ್ಲಿ ಹಿಂದೆ ಜೋಡಿಸಿದೆ.